ಆರು ಕಾಲುವೆಯ ಕಪ್ಲಿಂಗು

ಮನುಷ್ಯ ಕುಲದ ಏಳಿಗೆಯೆಲ್ಲ ದುಂಡಗಿನ ವಸ್ತುಗಳಿಂದಲೇ ಆಯಿತು ಎಂದು ಬಲ್ಲವರು ಹೇಳುತ್ತಾರೆ. ಗಾಲಿ ದುಂಡಗಿದೆ, ಗಾಣ ದುಂಡಗಿದೆ, ರೊಟ್ಟಿ ದುಂಡಗಿದೆ, ಇವೆಲ್ಲವನ್ನೂ ಹೊತ್ತ ಭೂಮಿಯೂ ದುಂಡಗಿದೆ. ಆದರೆ ದುಂಡಗಿನ ವಸ್ತುವಿಗೆ ಒಂದು ದೊಡ್ಡ ದೋಷ. ದುಂಡಗಿನ ಶಾಫ್ಟಿನ ಮೇಲೆ ದುಂಡಗಿನ ತೂತು ಕೂತರೆ ಜಾರುತ್ತದೆ. ಶಾಫ್ಟು ತಿರುಗುತ್ತಿರುತ್ತದೆ, ಗಾಲಿ ನಿಂತೇ ಇರುತ್ತದೆ. ಇದನ್ನು ಕಂಡು ಮರುಗಿ, ತೂತಿನ ಒಳಗೋಡೆಗೆ ಉದ್ದುದ್ದ ಕಾಲುವೆ ತೋಡಿ, ಶಾಫ್ಟಿನ ಹಲ್ಲು ಅದರಲ್ಲಿ ಕೂಡುವಂತೆ ಮಾಡಿದ ಮಹಾನುಭಾವ ಯಾರೋ, ನಾಗರಿಕತೆ ಅವನಿಗೆ ಋಣಿಯಾಗಿದೆ. ಒಂದೇ ಕಾಲುವೆಯಿದ್ದರೆ ಅದಕ್ಕೆ ಕೀ-ವೇ ಎನ್ನುತ್ತಾರೆ. ಸುತ್ತಲೂ ಸಮನಾಗಿ ಹಲವು ಇದ್ದರೆ ಸ್ಪ್ಲೈನ್ ಎನ್ನುತ್ತಾರೆ. ನಾನು ತೋಡಿದ್ದಕ್ಕೆ ಮಾತ್ರ ಇನ್ನೂ ಯಾರೂ ಹೆಸರಿಟ್ಟಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ಇಳಕಲ್ಲಿನಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಕಬ್ಬಿಣ ಕಡೆಯುವ ನನ್ನ ಲೇತ್ ಅಂಗಡಿ. ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಗಳಿಗೆ ಪಿನ್ನು, ಬುಶ್ಶು ಮಾಡಿಕೊಟ್ಟು ಮರ್ಯಾದೆಯಿಂದ ಬದುಕುತ್ತಿದ್ದೆ. ನನ್ನ ಲೇತ್ ವಯಸ್ಸಿನಲ್ಲಿ ನನಗಿಂತ ಹಿರಿಯದು. ಬೆಳಿಗ್ಗೆ ಎದ್ದಕೂಡಲೇ ಕೆಮ್ಮುತ್ತಿತ್ತು, ಚಳಿಗಾಲದಲ್ಲಿ ಮುಲುಕುತ್ತಿತ್ತು, ಆದರೆ ದುಂಡಗಿನ ಕೆಲಸವನ್ನು ದುಂಡಗೇ ಮಾಡುತ್ತಿತ್ತು. ತೂತಿನೊಳಗೆ ಕಾಲುವೆ ತೋಡುವ ಕೆಲಸ ಬಂದರೆ ನಾನು ನಮ್ರತೆಯಿಂದ "ಹುಬ್ಬಳ್ಳಿಗೆ ಒಯ್ರಿ" ಎನ್ನುತ್ತಿದ್ದೆ. ಅದಕ್ಕೆ ಬೇರೆಯೇ ಮಷೀನು ಬೇಕು, ಅದು ನನ್ನಲ್ಲಿರಲಿಲ್ಲ. ನಮ್ರತೆ ಇತ್ತು.

ಆ ನಮ್ರತೆಯನ್ನು ಕೆಡಿಸಿದ್ದು ಬೆಂಗಳೂರಿನಲ್ಲಿ ನೋಡಿದ ಯಂತ್ರಗಳ ಪ್ರದರ್ಶನ.

ಅಲ್ಲಿ ಗಾಜಿನ ಬಾಗಿಲ ಹಿಂದೆ ಒಂದು ಸಿಎನ್‌ಸಿ ಲೇತ್ ಇತ್ತು. ಕಂಪ್ಯೂಟರ್ ಹೇಳಿದಂತೆ ಕೇಳುವ ಲೇತ್. ಬಿಳಿ ಅಂಗಿಯವನೊಬ್ಬ ಗುಂಡಿ ಒತ್ತಿ ಕೈ ಕಟ್ಟಿ ನಿಂತ. ಕೆಲಸದ ತುಂಡನ್ನು ಹಿಡಿದು ಗರಗರ ತಿರುಗುತ್ತಿದ್ದ ಚಕ್ಕು, ಮಾಸ್ತರರನ್ನು ಕಂಡ ಹುಡುಗನಂತೆ ಟಕ್ಕನೆ ನಿಂತಿತು. ಉಳಿ ತೂತಿನೊಳಗೆ ಹೋಯಿತು, ಬಂತು. ಹೋಯಿತು, ಬಂತು. ಪ್ರತಿ ಸಲ ಕೂದಲಿನಷ್ಟು ಕಬ್ಬಿಣ ಕೆರೆಯಿತು. ಒಂದು ಕಾಲುವೆ ಮುಗಿದ ಮೇಲೆ ಚಕ್ಕು ತಾನಾಗಿಯೇ ಒಂದಿಷ್ಟು ಸರಿದು ಮತ್ತೆ ನಿಂತಿತು. ಉಳಿ ಮತ್ತೆ ಹೋಯಿತು, ಬಂತು. ನೋಡನೋಡುತ್ತ ಸುತ್ತಲೂ ಕಾಲುವೆ ಮೂಡಿದವು. ಬಿಳಿ ಅಂಗಿಗೆ ಒಂದು ಹನಿ ಎಣ್ಣೆ ಸಿಡಿಯಲಿಲ್ಲ!

ಜನ ಬಾಯಿ ತೆರೆದು ನಿಂತಿದ್ದರು. ನಾನು ಮಾತ್ರ ಬಾಯಿ ಮುಚ್ಚಿಕೊಂಡು ಯೋಚಿಸಿದೆ. ಚಕ್ಕು ನನ್ನಲ್ಲೂ ಇದೆ. ಉಳಿ ಇದೆ. ಉಳಿಯನ್ನು ಹಿಂದೆ ಮುಂದೆ ಓಡಿಸುವ ಹಿಡಿಗಾಲಿ ಇದೆ. ಇಲ್ಲದ್ದು ಕಂಪ್ಯೂಟರ್ ಒಂದೇ. ಆ ಜಾಗಕ್ಕೆ ನಾನಿದ್ದೇನೆ!

ಈ ಜ್ಞಾನೋದಯವನ್ನು ಹೊತ್ತು ಊರಿಗೆ ಬಂದ ಕೆಲವೇ ದಿನಗಳಲ್ಲಿ, ಒಂದು ಸಂಜೆ, ನನ್ನ ಹೆಂಡತಿ ಶಾಂತಾಳ ತಮ್ಮ ಸಂಗಪ್ಪ ಕಮತಗಿಯಿಂದ ಬಂದ. ಜೋಳದ ರಾಶಿಗೆ, ಅಂದರೆ ಒಕ್ಕಣೆಗೆ, ಅಕ್ಕನನ್ನು ಕರೆದುಕೊಂಡು ಹೋಗಲು ಬಂದವನ ಮುಖ ಬಾಡಿತ್ತು.

"ಏನಾತೋ?" ಅಂದೆ.

"ರಾಶಿ ಮಿಷನ್ನಿಗೆ ಟ್ರ್ಯಾಕ್ಟರ್ ಜೋಡಸೂ ಕಪ್ಲಿಂಗ್ ಒಡೀತು ಮಾಮಾ. ತೆನಿ ಎಲ್ಲಾ ಕಣದಾಗ ಬಿದ್ದಾವ. ಮ್ಯಾಲ ಮೋಡ ಆಗೇತಿ. ತೊಯ್ದರ ವರ್ಷದ ಜ್ವಾಳ ಕಪ್ಪ ಆಗತೈತಿ. ಅಪ್ಪಗ ಊಟಾನ ಸೇರವಲ್ದು."

ಅರಿವೆಯ ಗಂಟು ಬಿಚ್ಚಿ ಒಡೆದ ಕಪ್ಲಿಂಗ್ ತೋರಿಸಿದ. ಅಂಗೈಯಗಲದ ಕಬ್ಬಿಣದ ಕೊಳವೆ. ಒಳಗೆ ಸುತ್ತಲೂ ಆರು ಕಾಲುವೆ. ಟ್ರ್ಯಾಕ್ಟರಿನ ಹಿಂದೆ ಚಾಚಿಕೊಂಡಿರುವ ಶಾಫ್ಟಿಗೆ ಆರು ಹಲ್ಲು, ಇದಕ್ಕೆ ಆರು ಕಾಲುವೆ. ಒಂದರಲ್ಲೊಂದು ಕೂತರೆ ರಾಶಿ ಯಂತ್ರ ತಿರುಗುತ್ತದೆ, ಜೋಳ ಬೀಳುತ್ತದೆ.

"ನಾಳೆ ಅಮಾಸಿ. ಹೆಂಗೂ ರಾಶಿ ಮಾಡೂದಿಲ್ಲ. ಮುಂಜಾನೆದ್ದು ಬಾಗಲಕೋಟಿಗೆ ಹೋಗಿ ಹೊಸಾದು ತಂದ್ರ ನಾಡದ ಶುರು ಮಾಡಬೌದು," ಎಂದ.

ಅಷ್ಟರಲ್ಲೇ ಸುಮ್ಮನಿದ್ದಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ.

"ಬಾಗಲಕೋಟಿಗೆ? ಮನ್ಯಾಗ ಲೇತ್ ಮಿಷನ್ ಇಟಗೊಂಡ ಮಾಮಾ ಇರೂಮುಂದ ಬಾಗಲಕೋಟಿಗೆ?" ಎಂದು ಗರ್ಜಿಸಿದೆ.

"ನೀವು ಇಂಥಾವೆಲ್ಲ ಹುಬ್ಬಳ್ಳಿಗೆ ಕಳಸ್ತಿದ್ರಲ್ಲ ಮಾಮಾ?"

"ಅದು ಹಿಂದಿನ ಮಾತು. ಈಗ ಸಿಎನ್‌ಸಿ ಪದ್ಧತಿ ಬಂದೈತಿ. ನೀ ಊರಿಗೆ ಹೋಗು. ಮಾವಾರಿಗೆ ಊಟ ಮಾಡಂತ ಹೇಳು. ನಾಡದ ಮುಂಜಾನಿ ಕಪ್ಲಿಂಗ್ ತಗೊಂಡು ನಿಮ್ಮ ಅಕ್ಕನ ಜೋಡಿ ನಾನ ಬರ್ತೇನಿ."

ಸಂಗಪ್ಪ ಅಕ್ಕನ ಮುಖ ನೋಡಿದ. ಅಕ್ಕ ಗೋಡೆಯ ಮುಖ ನೋಡಿದಳು. ಹುಡುಗ ಒಡೆದ ಕಪ್ಲಿಂಗನ್ನು ನನ್ನ ಬಳಿ ಬಿಟ್ಟು ಕೊನೆಯ ಬಸ್ಸಿಗೆ ಹೋದ.

ಮರುದಿನ ಬೆಳಿಗ್ಗೆ ಹೊಸ ಉಕ್ಕಿನ ತುಂಡು ಹಿಡಿದೆ. ಹೊರಮೈ ಕಡೆದೆ, ತೂತು ಕೊರೆದೆ. ಅಲ್ಲಿಯವರೆಗೆ ನಾನು ಬಲ್ಲ ವಿದ್ಯೆ. ಮುಂದೆ ಕಂಪ್ಯೂಟರಿನ ಕೆಲಸ. ಚಕ್ಕು ಪ್ರತಿ ಸಲ ಸರಿಯಾಗಿ ಆರನೆಯ ಒಂದು ಪಾಲು ಸರಿಯಬೇಕು. ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಉದ್ದಕ್ಕೆ ಪಟ್ಟಿಯಾಗಿ ಕತ್ತರಿಸಿ ಚಕ್ಕಿನ ಸುತ್ತ ಸುತ್ತಿದೆ, ಹೆಚ್ಚಿದ್ದನ್ನು ಹರಿದೆ. ಬಿಚ್ಚಿ ಮೊದಲು ಮೂರು ಮಡಿಕೆ, ಆಮೇಲೆ ಎರಡು ಮಡಿಕೆ ಮಾಡಿದೆ. ಆರು ಸಮಪಾಲು ಬಂತು! ಕಂಪ್ಯೂಟರಿಗೆ ಲಕ್ಷಗಟ್ಟಲೆ ಸುರಿಯುವ ಜಗತ್ತಿನ ಬಗ್ಗೆ ನನಗೆ ಕನಿಕರವೆನಿಸಿತು.

ಪಟ್ಟಿಯನ್ನು ಮತ್ತೆ ಸುತ್ತಿ ಮಡಿಕೆ ಬಂದ ಕಡೆಯೆಲ್ಲ ಗುರುತು ಹಾಕಬೇಕು. ನೀಲಿ ಬಣ್ಣದ ಡಬ್ಬಿ ನೋಡಿದರೆ ಒಣಗಿ ಹೆಂಟೆಯಾಗಿತ್ತು. ಉಳಿಯಿಂದ ಕಚ್ಚು ಹಾಕೋಣವೆಂದರೆ ಹಿರಿಯ ಯಂತ್ರದ ಮೈಗೆ ಗಾಯ ಮಾಡಲು ಮನಸ್ಸಾಗಲಿಲ್ಲ. ಒಳಗೆ ಹೋಗಿ ದೇವರ ಜಗಲಿಯ ಕುಂಕುಮದ ಭರಣಿ ತಂದೆ. ಎರಡು ಹನಿ ಎಣ್ಣೆಯಲ್ಲಿ ಕಲಸಿ ಚಕ್ಕಿನ ಅಂಚಿಗೆ ಆರು ಬೊಟ್ಟು ಇಟ್ಟೆ. ಲೇತಿನ ತಲೆಯ ಮೇಲೆ ಒಂದು ಮೊಳೆ ನಿಲ್ಲಿಸಿದೆ. ಒಂದೊಂದೇ ಬೊಟ್ಟನ್ನು ಮೊಳೆಯ ಎದುರಿಗೆ ತಂದು, ಚಕ್ಕು ಅಲುಗದಂತೆ ಮರದ ಬೆಣೆ ಬಡಿದು, ಉಳಿಯನ್ನು ಹಿಡಿಗಾಲಿಯಿಂದ ಒಳಗೆ ಹೊರಗೆ ಎಳೆದಾಡುವುದು. ಇದೇ ಸಿಎನ್‌ಸಿ ಪದ್ಧತಿಯ ಇಳಕಲ್ ಆವೃತ್ತಿ.

ಮೊದಲ ಕಾಲುವೆ ಮುಗಿಯುವ ಹೊತ್ತಿಗೆ ನನ್ನ ಬಲಗೈ ನನ್ನದೆಂದು ಅನ್ನಿಸುವುದು ನಿಂತಿತ್ತು. ಶಾಂತಾ ಬಂದು ಬಾಗಿಲಲ್ಲಿ ನಿಂತಳು.

"ಏನ್ರಿ ಇದು, ಕೂಸಿನ ತೊಟ್ಟಲಾ ತೂಗಿದಂಗ ತೂಗಾಕತ್ತೀರಿ?"

"ಸಿಎನ್‌ಸಿ ಪದ್ಧತಿ. ಕಂಪ್ಯೂಟರ್ ಹೇಳತೈತಿ, ಯಂತ್ರ ಮಾಡತೈತಿ."

"ಇಲ್ಲೆ ಹೇಳಾವರು ಯಾರು?"

"ನಾನು."

"ಮಾಡಾವರು?"

"ನಾನ."

"ಹಂಗಾರ ಈ ಪದ್ಧತಿ ನಮ್ಮನ್ಯಾಗ ಮೊದಲಿಂದ್ಲೂ ಐತಿ. ಅಡಗಿಮನ್ಯಾಗ ನೋಡ್ರಿ, ಹೇಳಾಕಿನೂ ನಾನ, ಮಾಡಾಕಿನೂ ನಾನ," ಎಂದಳು. ಆಮೇಲೆ, "ಇವತ್ತ ಅಮಾಸಿ. ಮಿಷನ್ ಪೂಜಿ ಆಗಬೇಕು. ಹೋದ ಅಮಾಸಿಗೆ ಸ್ವಲ್ಪ ತಡಾ ಆಗಿದ್ದಕ್ಕ ಮನಿ ಹಾರಿಹೋಗೂವಂಗ ಒದರಿದ್ರಿ. ಕೆಲಸ ನಿಲ್ಲಸ್ರಿ," ಎಂದಳು.

ವಿಜ್ಞಾನದ ನಡುವೆ ಬಂದ ಈ ಅಡ್ಡಿಯಿಂದ ನನಗೆ ಸಿಟ್ಟು ಬಂತು. ಆದರೂ ಯಂತ್ರಕ್ಕೆ ಪ್ರತಿ ಅಮಾವಾಸ್ಯೆ ಪೂಜೆಯಾಗಲೇಬೇಕೆಂದು ಕಟ್ಟಪ್ಪಣೆ ಮಾಡಿದವನು ನಾನೇ. "ನಾ ಊಟ ಮಾಡೂ ಹೊತ್ತಿನ್ಯಾಗ ಮಾಡ್ಕೋ. ಆದ್ರ ಚಕ್ಕು ಎಲ್ಲಿ ನಿಂತೈತೋ ಅಲ್ಲೇ ಇರಬೇಕು, ನೋಡು. ಕೂದಲೆಳಿಯಷ್ಟೂ ಸರೀಬಾರದು," ಎಂದು ಗಂಭೀರವಾಗಿ ತಾಕೀತು ಮಾಡಿದೆ. ಇಂಥ ತಾಕೀತು ಕೊಡುವುದರಲ್ಲಿ ನಾನು ಎತ್ತಿದ ಕೈ.

ಊಟದ ಹೊತ್ತಿಗೆ ನಾಲ್ಕು ಕಾಲುವೆ ಮುಗಿದಿದ್ದವು. ಎರಡು ಉಳಿದಿದ್ದವು. ಬಿಸಿ ರೊಟ್ಟಿ, ಬದನೆಯ ಎಣ್ಣೆಗಾಯಿ, ಮೇಲೆ ಅಮಾವಾಸ್ಯೆಯ ಹೋಳಿಗೆ. ಉಂಡವನು ಗೋಡೆಗೆ ಬೆನ್ನು ಕೊಟ್ಟು, ಭಾರತದ ಕೈಗಾರಿಕೆಯ ಭವಿಷ್ಯದ ಬಗ್ಗೆ ಯೋಚಿಸುತ್ತ ಗೊರಕೆ ಹೊಡೆದೆ.

ಎದ್ದು ಬಂದು ನೋಡಿದರೆ ಲೇತ್ ಮದುಮಗನಂತೆ ನಿಂತಿತ್ತು. ಮೈಯೆಲ್ಲ ಒರೆಸಿ ಹೊಳೆಯುತ್ತಿತ್ತು. ತಲೆಗೆ ವಿಭೂತಿ, ಹಿಡಿಗಾಲಿಗೆ ಚೆಂಡುಹೂವು, ಮೂಲೆಯಲ್ಲಿ ಊದುಬತ್ತಿ. ಚಕ್ಕು ನಾನು ಬಿಟ್ಟ ಹಾಗೇ ಇತ್ತು. ಬೆಣೆ ಬಿಗಿಯಾಗಿತ್ತು. ಮೊಳೆಯ ಎದುರಿಗೆ ಕುಂಕುಮದ ಬೊಟ್ಟು ಸರಿಯಾಗಿ ನಿಂತಿತ್ತು. ನನ್ನ ಮಬ್ಬು ಬೊಟ್ಟುಗಳ ಮೇಲೆಯೇ ಹೊಸ ಕುಂಕುಮ ಹಚ್ಚಿ ಎದ್ದು ಕಾಣುವಂತೆ ಮಾಡಿದ್ದಾಳೆ ಎಂದು ನನಗೆ ಹೆಂಡತಿಯ ಜಾಣತನದ ಬಗ್ಗೆ ಅಭಿಮಾನ ಉಕ್ಕಿತು. ಯಂತ್ರದ ಕೆಲಸ ಬಲ್ಲವನ ಕೈ ಹಿಡಿದವಳಿಗೆ ಇಷ್ಟಾದರೂ ಸಂಸ್ಕಾರ ಬರಲೇಬೇಕಲ್ಲ!

ಬೆಣೆ ತೆಗೆದೆ. ಮುಂದಿನ ಬೊಟ್ಟನ್ನು ಮೊಳೆಯ ಎದುರಿಗೆ ತಂದೆ. ಐದನೆಯ ಕಾಲುವೆ. ಅದರ ಮುಂದಿನ ಬೊಟ್ಟು. ಆರನೆಯ ಕಾಲುವೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಕೆಲಸ ಮುಗಿಯಿತು. ತೂತಿನೊಳಗೆ ಬೆರಳಿಟ್ಟು ಎಣಿಸಿದೆ. ಆರು! ಇನ್ನೊಮ್ಮೆ ಎಣಿಸಿದೆ. ಆರೇ! ಒಂದು ಕಡೆ ಎರಡು ಕಾಲುವೆಗಳ ನಡುವಿನ ಗೋಡೆ ತುಸು ತೆಳ್ಳಗೆ ಹತ್ತಿದಂತಾಯಿತು. ಇಡೀ ದಿನ ಹಿಡಿಗಾಲಿ ಎಳೆದ ಬೆರಳಿಗೆ ಏನು ತಿಳಿಯುತ್ತದೆ ಎಂದು ಬೆರಳನ್ನೇ ದೂರಿದೆ. ಕೂಡಿಸಿ ನೋಡೋಣವೆಂದರೆ ಶಾಫ್ಟು ಇರುವುದು ಕಮತಗಿಯ ಟ್ರ್ಯಾಕ್ಟರಿನಲ್ಲಿ.

ಮರುದಿನ ಬೆಳಿಗ್ಗೆ ಕಪ್ಲಿಂಗಿಗೆ ಎಣ್ಣೆ ಸವರಿ, ಹೊಸ ಟವೆಲಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಶಾಂತಾಳೊಂದಿಗೆ ಬಸ್ಸು ಹತ್ತಿದೆ. ಹುನಗುಂದ ದಾಟುವವರೆಗೆ ಪಕ್ಕದಲ್ಲಿ ಕೂತವರಿಗೆ ಸಿಎನ್‌ಸಿ ಅಂದರೇನೆಂದು ವಿವರಿಸಿದೆ. ಅಮೀನಗಡದಲ್ಲಿ ಅವರು ಇಳಿದರು. ಅವರು ಕೂಡಲಸಂಗಮಕ್ಕೆ ಹೋಗುವವರು, ಹುನಗುಂದದಲ್ಲೇ ಇಳಿಯಬೇಕಿತ್ತು, ನನ್ನ ಮಾತಿನಲ್ಲಿ ಮರೆತುಬಿಟ್ಟಿದ್ದರು ಎಂದು ಶಾಂತಾ ಆಮೇಲೆ ಹೇಳಿದಳು.

ಕಣದಲ್ಲಿ ಜಾತ್ರೆಯಷ್ಟು ಜನ. ತೆನೆಯ ದೊಡ್ಡ ಗುಡ್ಡೆ. ಪಕ್ಕದಲ್ಲಿ ರಾಶಿ ಯಂತ್ರ, ಅದರ ಮುಂದೆ ಟ್ರ್ಯಾಕ್ಟರ್. ಬಡಗಣ ದಿಕ್ಕಿಗೆ ಮೋಡ ಕಪ್ಪಾಗಿತ್ತು. ರುಮಾಲು ಸುತ್ತಿದ ಮಾವನವರು ಒಮ್ಮೆ ಮೋಡವನ್ನು, ಒಮ್ಮೆ ನನ್ನ ಟವೆಲನ್ನು ನೋಡಿದರು.

"ಬರ್ರಿ ಅಳಿಯಾರ. ನಿಮ್ಮ ದಾರೀನ ಕಾಯಾಕತ್ತಿದ್ವಿ. ಜ್ವಾಳ ಇವತ್ತ ಮನಿ ಸೇರಿದ್ರ ಸೇರ್ತು."

"ಚಿಂತೀ ಬಿಡ್ರಿ ಮಾವಾರ," ಎಂದು ಟವೆಲು ಬಿಚ್ಚಿದೆ. ಜನ ಮುಂದೆ ಬಾಗಿದರು. ಸಂಗಪ್ಪ ಕಪ್ಲಿಂಗನ್ನು ಶಾಫ್ಟಿಗೆ ಹಿಡಿದು ಒತ್ತಿದ.

ಹೋಗಲಿಲ್ಲ.

"ಹೊಸಾದು. ಬಿಗಿ ಇರತೈತಿ. ಸಡಲ ಇದ್ದರ ಅದು ಕೆಲಸಾನ ಅಲ್ಲ," ಎಂದೆ.

ಗ್ರೀಸು ಹಚ್ಚಿದರು. ಹೋಗಲಿಲ್ಲ. ಒಂದು ಹಲ್ಲು ಸರಿಸಿ ಹಿಡಿದರು. ಹೋಗಲಿಲ್ಲ. ಮತ್ತೊಂದು ಹಲ್ಲು ಸರಿಸಿದರು. ಹೀಗೆ ಸುತ್ತಲೂ ಸರಿಸಿ ಮೊದಲಿನ ಜಾಗಕ್ಕೇ ಬಂದರು. ಕಪ್ಲಿಂಗು ಎಲ್ಲ ಕಡೆಯಿಂದಲೂ ಒಂದೇ ನಿಷ್ಠೆಯಿಂದ ನಿರಾಕರಿಸಿತು.

"ಮಾಮಾ, ಸ್ವಲ್ಪ ಕಾನಸ್ ಹಾಕೂಣೇನು?" ಎಂದ ಸಂಗಪ್ಪ.

ಕಾನಸು, ಅಂದರೆ ಅರ, ಹಾಕಿ ತಿಕ್ಕಿದೆ. ಒಂದು ಬೆರಳಿನಷ್ಟು ಒಳಗೆ ಹೋಯಿತು! ಜನ "ಹೋತು, ಹೋತು!" ಎಂದರು. ಆ ಉತ್ಸಾಹದಲ್ಲಿ ನಾನು ದೊಡ್ಡ ಸುತ್ತಿಗೆ ಕೇಳಿದೆ. ಕೊಟ್ಟರು. ಕೊಡಬಾರದಿತ್ತು.

ಬಡಿದೆ. ಇನ್ನೊಂದು ಬೆರಳಿನಷ್ಟು ಹೋಯಿತು. ಬಡಿದೆ. ಅರ್ಧದವರೆಗೆ ಹೋಯಿತು. ಮತ್ತೆ ಬಡಿದೆ. ಸುತ್ತಿಗೆ ಪುಟಿಯಿತು. ಕಪ್ಲಿಂಗು ಮುಂದೆ ಹೋಗಲೊಲ್ಲದು. ಹಿಂದಕ್ಕೆ ಎಳೆದರೆ ಬರಲೊಲ್ಲದು. ಅರ್ಧಕ್ಕೆ ಕೂತುಬಿಟ್ಟಿತು, ಶಾಲೆ ತಪ್ಪಿಸಿದ ಹುಡುಗ ಮರವೇರಿ ಕೂತ ಹಾಗೆ.

ಆಗಲೇ ಪಕ್ಕದ ಹೊಲದ ಮೌಲಾಸಾಬರು ಬಂದರು. ಅವರದೂ ಟ್ರ್ಯಾಕ್ಟರ್ ಇತ್ತು, ಆದರೆ ಅದರ ಹಿಂದಿನ ಶಾಫ್ಟು ಕೆಟ್ಟು ತಿರುಗುವುದನ್ನೇ ಬಿಟ್ಟಿತ್ತು.

"ನಿನ್ನಿ ನಾ ಊರಾಗ ಇರಲಿಲ್ರಿ ಗೌಡ್ರ. ಈಗ ಕೇಳಿದ್ನಿ. ನನ್ನ ಕಡಿ ಹೆಚ್ಚಿಂದೊಂದು ಕಪ್ಲಿಂಗ್ ಐತಲ್ಲ! ತಗೋರಿ, ರಾಶಿ ಮುಗಸ್ರಿ," ಎಂದು ಚೀಲದಿಂದ ಥಳಥಳಿಸುವ ಕಪ್ಲಿಂಗನ್ನು ತೆಗೆದರು.

ಮಾವನವರು ಟ್ರ್ಯಾಕ್ಟರಿನ ಹಿಂಭಾಗವನ್ನು ಬೆರಳಿನಿಂದ ತೋರಿಸಿದರು. ಅಲ್ಲಿ ನನ್ನ ಕಪ್ಲಿಂಗು ಅರ್ಧ ಸಿಕ್ಕಿಕೊಂಡು ಶಾಫ್ಟನ್ನು ಕಾಯುತ್ತಿತ್ತು.

"ಮೊದಲ ಇದನ್ನ ತಗೀಬೇಕು," ಎಂದರು ಮೌಲಾಸಾಬರು, ದವಾಖಾನೆಯಲ್ಲಿ ಡಾಕ್ಟರರು ಮಾತಾಡುವ ದನಿಯಲ್ಲಿ.

ತೆಗೆಯುವ ಉಪಾಯ ನನ್ನದೇ. ಕಪ್ಲಿಂಗಿಗೆ ಸರಪಳಿ ಬಿಗಿದು, ಇನ್ನೊಂದು ತುದಿಯನ್ನು ಕಣದ ಬೇವಿನ ಮರಕ್ಕೆ ಕಟ್ಟಿಸಿದೆ. ಟ್ರ್ಯಾಕ್ಟರನ್ನು ಮುಂದಕ್ಕೆ ಬಿಡಲು ಸಂಗಪ್ಪನಿಗೆ ಹೇಳಿದೆ. ಟ್ರ್ಯಾಕ್ಟರ್ ಹೂಂಕರಿಸಿತು. ಸರಪಳಿ ಬಿಗಿಯಿತು. ಕಪ್ಲಿಂಗು ಬರಲಿಲ್ಲ. ಬೇವಿನ ಮರ ಬರುವ ಲಕ್ಷಣ ಕಾಣಿಸಿತು! ಒಣಟೊಂಗೆಯೊಂದು ಮುರಿದು, ಕೆಳಗೆ ಬುತ್ತಿ ಇಟ್ಟಿದ್ದ ಬುಟ್ಟಿಯ ಮೇಲೆ ಬಿತ್ತು. ಹೆಣ್ಣುಮಕ್ಕಳು ಬುಟ್ಟಿ ಎತ್ತಿಕೊಂಡು ಓಡಿದರು.

"ನಿಲ್ಲಸಲೇ ಸಂಗ್ಯಾ!" ಎಂದು ಮಾವನವರು ಕೂಗಿದರು. "ಗಿಡಾ ನಮ್ಮಪ್ಪ ಹಚ್ಚಿದ್ದು!"

"ಮಾವಾರ, ಕಬ್ಬಿಣ ಬಿಸಿ ಮಾಡಿದ್ರ ಹಿಗ್ಗತೈತಿ. ಸ್ವಲ್ಪ ಬೆಂಕಿ..." ಎಂದೆ.

ಮಾವನವರು ಒಣ ತೆನೆಯ ಗುಡ್ಡೆಯನ್ನು ನೋಡಿದರು. ಬಣವೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಬೆಂಕಿಯ ಮಾತನ್ನು ನಾನು ಮತ್ತೆ ಎತ್ತಲಿಲ್ಲ.

ಶಾಂತಾ ಕಪ್ಲಿಂಗಿನ ಹತ್ತಿರ ಬಂದು ಬಗ್ಗಿ ನೋಡಿದಳು. "ಏನ್ರಿ, ಹಲ್ಲು ಎಲ್ಲಾ ಒಂದ ಸಮ ಅದಾವ. ನಿಮ್ಮವು ಒಂದ ಕಡೆ ಒತ್ತೊತ್ತಿ, ಒಂದ ಕಡೆ ದೂರ ದೂರ ಯಾಕ ಅದಾವ?"

"ಸಾಧ್ಯಾನ ಇಲ್ಲ. ಅಳತಿ ಪ್ರಕಾರ ಚಕ್ಕಿಗೆ ಕುಂಕುಮದ ಗುರುತು ಹಾಕೀನಿ. ಒಂದೊಂದು ಗುರುತಿಗೆ ಒಂದೊಂದು."

ಶಾಂತಾ ಸೆರಗನ್ನು ಬಾಯಿಗೆ ಹಿಡಿದಳು. "ಆ ಕುಂಕುಮ ನೀವು ಹಚ್ಚಿದ್ದೇನು?"

"ಮತ್ಯಾರು?"

"ಅಯ್ಯ, ಎಣ್ಣ್ಯಾಗ ಜಿಡ್ಡಾಗಿದ್ವು, ಹೋದ ಅಮಾಸಿವು ಉಳದಾವಂತ ತಿಳದು ಎಲ್ಲಾ ಸ್ವಚ್ಛ ಒರಸಿ ಹೊಸಾವು ಹಚ್ಚೀನ್ರಿ! ಮೊಳಿ ಎದುರಿಂದ ಶುರು ಮಾಡಿ, ಬೆಣಿ ತಗದು, ಸುತ್ತಲೂ ತಿರಿವಿ, ಹಚ್ಚಿ, ಮತ್ತ ಹೆಂಗಿತ್ತೋ ಹಂಗ ತಂದು ನಿಲ್ಲಿಸೀನಿ. ಕೂದಲೆಳಿಯಷ್ಟೂ ಸರಿದಿಲ್ಲ."

"ಎಷ್ಟು ಹಚ್ಚಿದಿ?" ಎಂದೆ.

"ಐದು!"

"ಐದ್ಯಾಕ?"

"ಪೂಜಿಗೆ ಮತ್ತೆಷ್ಟು ಹಚ್ತಾರ್ರಿ? ತುಂಬಿದ ಕೊಡಕ್ಕ ಐದು, ಒಲಿಗೆ ಐದು, ಬಾಗಲಕ್ಕ ಐದು. ಆರು ಯಾರರ ಹಚ್ತಾರೇನು?"

ಕಣದ ಹೆಣ್ಣುಮಕ್ಕಳೆಲ್ಲ ಒಂದೇ ಬಾಯಿಯಿಂದ "ಇಲ್ಲವ್ವಾ!" ಎಂದರು. ಗಂಡಸರೂ ತಲೆಯಾಡಿಸಿದರು. ಮೌಲಾಸಾಬರು ಕೂಡ, "ಆರು ಹಚ್ಚೂದು ನಾನೂ ಎಲ್ಲೂ ನೋಡಿಲ್ಲ ಬಿಡ್ರಿ," ಎಂದರು.

ಲೆಕ್ಕ ನನ್ನ ಕಣ್ಣಮುಂದೆ ನಿಂತಿತು. ಊಟಕ್ಕೆ ಮೊದಲಿನ ನಾಲ್ಕು ಕಾಲುವೆ ಆರನೆಯ ಪಾಲಿನವು. ಊಟದ ನಂತರದ ಎರಡು ಐದನೆಯ ಪಾಲಿನವು. ಎಲ್ಲ ಸೇರಿ ಆರೇ! ಎಣಿಕೆಯಲ್ಲಿ ತಪ್ಪು ಹುಡುಕುವವನು ಇನ್ನೂ ಹುಟ್ಟಬೇಕು. ರಂಗೋಲಿ ಹಾಕಿ ಪಳಗಿದ ಕೈ ಇಟ್ಟ ಆ ಐದು ಬೊಟ್ಟುಗಳು ಎಷ್ಟು ಸಮನಾಗಿದ್ದವೆಂದರೆ, ಕ್ಯಾಲೆಂಡರ್ ಮಡಚಿದ ನನಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ಉಂಡೆದ್ದು ಬಂದ ಕಂಪ್ಯೂಟರು ಬೊಟ್ಟುಗಳನ್ನು ಒಮ್ಮೆ ಎಣಿಸಿದ್ದರೆ ಸಾಕಿತ್ತು. ಅದು ಎಣಿಸಿರಲಿಲ್ಲ.

"ಪೂಜಿ ಮಾಡಾಕಿ ಪೂಜಿ ಬರೊಬ್ಬರಿ ಮಾಡ್ಯಾಳ," ಎಂದು ಮಾವನವರು ತೀರ್ಪು ಕೊಟ್ಟರು. ಅದರ ಇನ್ನರ್ಧವನ್ನು ಬಾಯಿಬಿಟ್ಟು ಹೇಳದಷ್ಟು ದೊಡ್ಡ ಮನುಷ್ಯರು ಅವರು.

ದೂರದಲ್ಲಿ ಗುಡುಗಿತು. ಮಾವನವರು ರುಮಾಲು ಬಿಗಿದುಕೊಂಡರು. "ಮಿಷನ್ನಿನ ಆಸೆ ಬಿಡ್ರಿ. ತೆನಿ ಕಣದ ತುಂಬ ಹರವ್ರಿ. ಟ್ರ್ಯಾಕ್ಟರಿನ ಗಾಲಿಲೆ ತುಳಸೂಣು. ಮೌಲಾಸಾಬ, ನಿನ್ನ ಟ್ರ್ಯಾಕ್ಟರೂ ತರಸು."

ಎಲ್ಲರೂ ಓಡಿದರು. ಸಂಗಪ್ಪ ಟ್ರ್ಯಾಕ್ಟರ್ ಹತ್ತಹೋದ. ಮಾವನವರು ತಡೆದರು.

"ನೀ ತೆನಿ ಹೊರು. ಸುಮ್ನ ಗುಂಡಗ ತಿರಗೂ ಕೆಲಸ ಅಳಿಯಾರಿಗೆ ಬಿಡು. ಅದಕ್ಕ ಗುರುತ ಬೇಕಾಗೂದಿಲ್ಲ."

ಕಣದ ತುಂಬ ನಗು ಹರಡಿತು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಟ್ರ್ಯಾಕ್ಟರ್ ಹತ್ತಿ ಕೂತೆ. ಮುಂದೆ ಮೌಲಾಸಾಬರ ಟ್ರ್ಯಾಕ್ಟರ್, ಹಿಂದೆ ನಾನು, ನನ್ನ ಹಿಂದೆ ಅರ್ಧ ಸಿಕ್ಕ ಕಪ್ಲಿಂಗು. ಸುತ್ತಿದೆವು, ಸುತ್ತಿದೆವು. ಒಳಸುತ್ತು, ಹೊರಸುತ್ತು. ಶಾಂತಾ ತಲೆಗೆ ಸೆರಗು ಬಿಗಿದು ಗಾಲಿಯ ದಾರಿಗೆ ತೆನೆ ಎಸೆಯುತ್ತಿದ್ದಳು. ಪ್ರತಿ ಸುತ್ತಿನಲ್ಲೂ ಅವಳೆದುರು ಹಾದುಹೋಗಬೇಕಾಗುತ್ತಿತ್ತು. ಮೊದಲ ಕೆಲವು ಸುತ್ತು ನಾನು ಮೋಡ ನೋಡುತ್ತ ಹಾದುಹೋದೆ. ಆಮೇಲಿನ ಒಂದು ಸುತ್ತಿನಲ್ಲಿ ಅವಳು, "ನೀರು ಕುಡೀರಿ, ಸುತ್ತಾಕತ್ತಿ ಭಾಳ ಹೊತ್ತಾತು," ಎಂದು ತಂಬಿಗೆ ಎತ್ತಿ ಹಿಡಿದಳು. ಟ್ರ್ಯಾಕ್ಟರ್ ನಿಲ್ಲಿಸಿ ಕುಡಿದೆ. ಇಬ್ಬರೂ ಸಿಎನ್‌ಸಿಯ ಸುದ್ದಿ ತೆಗೆಯಲಿಲ್ಲ.

ಸಂಜೆ ನಾಲ್ಕು ಹನಿ ಬಿದ್ದು ಮೋಡ ತೆಂಕಲಿಗೆ ಹೋಯಿತು. ತುಳಿದ ತೆನೆಯನ್ನು ತೂರಿ ಮರುದಿನ ಮಧ್ಯಾಹ್ನದ ಹೊತ್ತಿಗೆ ಜೋಳವನ್ನು ಮನೆಗೆ ಸಾಗಿಸಿದರು. ಒಂದು ಕಾಳೂ ಕಪ್ಪಾಗಲಿಲ್ಲ. ಟ್ರ್ಯಾಕ್ಟರನ್ನು ಬಾಗಲಕೋಟೆಗೆ ಒಯ್ದು, ಕಪ್ಲಿಂಗನ್ನು ಗ್ಯಾಸಿನಿಂದ ಕತ್ತರಿಸಿ ತೆಗೆಸಿದರು. ಶಾಫ್ಟನ್ನೂ ಬದಲಾಯಿಸಬೇಕಾಯಿತು.